ಎಚ್‌ಐವಿ ಬಡ ನಾಡುಗಳಲ್ಲೇ ಏಕೆ ಹೆಚ್ಚು ಎಂದು ಮಕ್ಕಳು ಕೇಳಿದರೆ ಏನು ಹೇಳಲಿ?

ಜಮಖಂಡಿ ಮಾಸ್ತರ · 21 ನವೆಂಬರ್ 2025

ನಾನು ಜಮಖಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಪ್ರತಿವರ್ಷ ಒಂದು ಜಾಥಾ ತೆಗೆದು, ಕೆಂಪು ರಿಬ್ಬನ್ ಚುಚ್ಚಿಕೊಂಡು, ಫೋಟೊ ಕಳಿಸಿ ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಈ ವರ್ಷ ಜಾಥಾಕ್ಕೆ ಮೊದಲೇ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಈ ರೋಗ ಆಫ್ರಿಕಾದಾಗ ಭಾಳ ಐತಿ, ನಮ್ಮ ಜಿಲ್ಲಾದಾಗೂ ಭಾಳ ಐತಿ ಅಂತಾರ. ಅಂದ್ರ ನಮ್ಮ ಮಂದಿ ಕೆಟ್ಟವರ ಏನ್ರಿ?" ಎಂದು ಕೇಳಿದಳು. ತರಗತಿ ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ರಕ್ತ, ಸೂಜಿ, ಲೈಂಗಿಕ ಸಂಪರ್ಕ, ತಾಯಿಯಿಂದ ಮಗು ಎಂಬ ನಾಲ್ಕು ದಾರಿಗಳನ್ನು ಬೋರ್ಡಿನ ಮೇಲೆ ಬರೆಯಬಲ್ಲೆ. ಆದರೆ ಆ ನಾಲ್ಕೂ ದಾರಿಗಳು ಎಲ್ಲ ದೇಶಗಳಲ್ಲಿಯೂ ಇರುವಾಗ ಕೆಲವು ಊರುಗಳು ಮಾತ್ರ ಏಕೆ ಇಷ್ಟು ಬೆಲೆ ತೆತ್ತವು ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಲ್ಲವರು ತಿಳಿಸಬೇಕು.

ಘಟಪ್ರಭೆಯ ದಂಡೆ · 21 ನವೆಂಬರ್

ಮಾಸ್ತರರೇ, ನಾನು ಮುಧೋಳ ಕಡೆಯ ಪರೀಕ್ಷಾ ಕೇಂದ್ರವೊಂದರಲ್ಲಿ ಹಲವು ವರ್ಷಗಳಿಂದ ಆಪ್ತಸಮಾಲೋಚಕಿ. ಆ ಹುಡುಗಿ ಕೇಳಿದ ಪ್ರಶ್ನೆಯನ್ನು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತವರು ಬೇರೆ ಬೇರೆ ಮಾತುಗಳಲ್ಲಿ ನೂರಾರು ಸಲ ಕೇಳಿದ್ದಾರೆ.

ಮೊದಲು ನಮ್ಮ ಜಿಲ್ಲೆಯ ಮಾತು. 2003ರಲ್ಲಿ ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರ ನಡುವೆ ಮನೆ ಮನೆಗೆ ಹೋಗಿ ರಕ್ತ ಪರೀಕ್ಷೆ ನಡೆಸಿದಾಗ ವಯಸ್ಕರಲ್ಲಿ ಸುಮಾರು ಶೇಕಡ 3ರಷ್ಟು ಜನರಲ್ಲಿ ಸೋಂಕು ಕಂಡುಬಂದಿತ್ತು. ಇಂದು ಇಡೀ ದೇಶದ ಪ್ರಮಾಣ ಶೇಕಡ 0.2ರ ಆಸುಪಾಸಿನಲ್ಲಿದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂದಿನ ತೂಕ ಗೊತ್ತಾಗುತ್ತದೆ. ಆ ಅಧ್ಯಯನದಲ್ಲಿ ತಜ್ಞರನ್ನು ಬೆರಗುಗೊಳಿಸಿದ್ದು ಬೇರೆ ಸಂಗತಿ: ಪಟ್ಟಣಕ್ಕಿಂತ ಹಳ್ಳಿಯಲ್ಲಿ ಸೋಂಕು ಹೆಚ್ಚಿತ್ತು, ಅದೂ ಎಲ್ಲ ಹಳ್ಳಿಗಳಲ್ಲಿ ಒಂದೇ ಸಮನಾಗಿ ಅಲ್ಲ. ಒಂದು ಊರಿನಲ್ಲಿ ಏನೂ ಇಲ್ಲ, ಅಲ್ಲಿಂದ ಎರಡು ಹರದಾರಿ ದೂರದ ಊರಿನಲ್ಲಿ ಮನೆಗೊಂದು ಸಾವು. ಮಂದಿ ಕೆಟ್ಟವರಾದ್ದರಿಂದ ರೋಗ ಬಂದಿತು ಎನ್ನುವುದಾದರೆ, ಎರಡು ಹರದಾರಿಯೊಳಗೆ ಮಂದಿಯ ಗುಣ ಇಷ್ಟು ಬದಲಾಗುತ್ತದೆಯೇ?

ಬದಲಾಗುವುದು ದುಡಿಮೆಯ ದಾರಿ. ಮಳೆ ನೆಚ್ಚಿದ ಊರಿನ ಗಂಡಸರು ಗೋವಾ, ಮುಂಬೈ, ರತ್ನಾಗಿರಿಗೆ ಕಟ್ಟಡದ ಕೆಲಸಕ್ಕೆ, ಸಾಂಗ್ಲಿ-ಕೊಲ್ಹಾಪುರದ ಕಡೆ ಕಬ್ಬಿನ ಕಟಾವಿಗೆ ಹೋಗುತ್ತಾರೆ. ನೀರಾವರಿಯ ಊರಿಗೆ ಹೊರಗಿನ ಟೋಳಿಗಳು ಬರುತ್ತವೆ. ತಿಂಗಳುಗಟ್ಟಲೆ ಹೆಂಡತಿ ಮಕ್ಕಳಿಂದ ದೂರ, ಕೈಯಲ್ಲಿ ಮುಂಗಡದ ಹಣ. ಇನ್ನೊಂದು ಕಡೆ, ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಿಗೆ ಮದುವೆಯೂ ಇಲ್ಲ, ಹೊಲವೂ ಇಲ್ಲ. ಆ ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿದೆ, ಆದರೆ ಹೊಟ್ಟೆಗೆ ಬೇರೆ ದಾರಿ ತೋರದ ಕಾಯ್ದೆ ಎಷ್ಟು ದೂರ ನಡೆದೀತು? ಈ ಎರಡು ಬಡತನಗಳು ಹೆದ್ದಾರಿಯ ಮಗ್ಗುಲಲ್ಲಿ, ಕಾರ್ಖಾನೆಯ ಗೇಟಿನ ಬಳಿ ಭೇಟಿಯಾದವು. ವೈರಸ್ಸು ಆ ದಾರಿಯಲ್ಲೇ ನಡೆಯಿತು.

ಆ ದಾರಿ ಕೊನೆಗೆ ಮುಟ್ಟಿದ್ದು ಅಡುಗೆಮನೆಗೆ. ನನ್ನ ಕೇಂದ್ರದಲ್ಲಿ ಸೋಂಕು ಪತ್ತೆಯಾದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಗಂಡನನ್ನು ಬಿಟ್ಟು ಬೇರೆಯವರ ಮುಖ ನೋಡಿದವರಲ್ಲ. ಗರ್ಭಿಣಿಯಾಗಿ ತಪಾಸಣೆಗೆ ಬಂದಾಗಲೇ ಅವರಿಗೆ ಗೊತ್ತಾಗುತ್ತದೆ. ಮರುದಿನ ಅತ್ತೆ ಕೇಳುವುದು ಮಾತ್ರ, "ಇದನ್ನ ಎಲ್ಲಿಂದ ತಂದಿ?" ಎಂದು.

ನಿಪ್ಪಾಣಿಯವ · 22 ನವೆಂಬರ್

ಅಕ್ಕಾವರ ಅನುಭವದ ಮೇಲೆ ನನಗೆ ಗೌರವವಿದೆ. ಆದರೂ ಬಡತನ, ವಲಸೆ ಎಂದು ಎಲ್ಲವನ್ನೂ ಹೊರಗಿನ ಕಾರಣಗಳ ತಲೆಗೆ ಕಟ್ಟಿದರೆ ಮನುಷ್ಯನ ನಡತೆಗೆ ಬೆಲೆಯೇ ಇಲ್ಲವೇ? ನಮ್ಮ ಊರಿನಿಂದ ಲಾರಿ ಓಡಿಸಿದವರೆಲ್ಲರಿಗೂ ಈ ರೋಗ ಬರಲಿಲ್ಲ. ಮಕ್ಕಳಿಗೆ ಮೊದಲು ನೀತಿ ಹೇಳಿ, ಆಮೇಲೆ ಅರ್ಥಶಾಸ್ತ್ರ ಹೇಳಿ ಎಂಬುದು ನನ್ನ ಅಭಿಪ್ರಾಯ.

ಕ್ಯಾಂಪ್ ಲ್ಯಾಬ್ · 22 ನವೆಂಬರ್

ಬೆಳಗಾವಿಯಲ್ಲಿ ಪ್ರಯೋಗಾಲಯ ತಂತ್ರಜ್ಞನಾಗಿರುವ ನನ್ನದೊಂದು ಸಣ್ಣ ಮಾತು. 2019ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ರಾತೋಡೇರೋ ಎಂಬ ಪಟ್ಟಣದಲ್ಲಿ ನೂರಾರು ಮಕ್ಕಳಿಗೆ ಎಚ್‌ಐವಿ ಪತ್ತೆಯಾಯಿತು. ಹೆಚ್ಚಿನವರು ಐದು ವರ್ಷ ತುಂಬದವರು, ತಾಯಂದಿರಲ್ಲಿ ಬಹಳ ಮಂದಿಗೆ ಸೋಂಕೇ ಇರಲಿಲ್ಲ. ಒಬ್ಬರಿಗೆ ಚುಚ್ಚಿದ ಸಿರಿಂಜನ್ನೇ ಮತ್ತೊಬ್ಬರಿಗೆ ಚುಚ್ಚಿದ್ದು ಅಲ್ಲಿ ಮುಖ್ಯ ಕಾರಣವಾಗಿ ಕಂಡಿತು. 2014ರ ಕೊನೆಯಲ್ಲಿ ಕಾಂಬೋಡಿಯಾದ ರೋಕಾ ಎಂಬ ಹಳ್ಳಿಯಲ್ಲಿಯೂ ಪರವಾನಗಿ ಇಲ್ಲದ ವೈದ್ಯನೊಬ್ಬನ ಸೂಜಿಯಿಂದ ಇನ್ನೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತ್ತು. ಜ್ವರ ಬಂದರೆ "ಸೂಜಿ ಮಾಡ್ರಿ, ಗುಳಿಗಿ ನಾಟೂದಿಲ್ಲ" ಎಂದು ಹಟ ಹಿಡಿಯುವ ಜನ ನಮ್ಮಲ್ಲಿಯೂ ಇದ್ದಾರೆ. ಆ ಮಕ್ಕಳಿಗೆ ಯಾವ ನೀತಿಪಾಠ ಹೇಳೋಣ?

ಗೋಳಗುಮ್ಮಟದ ನೆರಳು · 22 ನವೆಂಬರ್

ನಾನು ವಿಜಯಪುರದವನು, ಔಷಧ ತಜ್ಞ. 2005ರಿಂದ ನಾಲ್ಕು ವರ್ಷ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಕೆಲಸ ಮಾಡಿದ್ದೇನೆ. ಆಫ್ರಿಕಾ ಏಕೆ ಎಂಬ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಅಲ್ಲಿನ ಕಥೆಯನ್ನು ಕೇಳಿದಾಗಲೆಲ್ಲ ನನಗೆ ನಮ್ಮ ಕಬ್ಬಿನ ಟೋಳಿಗಳೇ ನೆನಪಾಗುತ್ತವೆ.

ಚಿನ್ನದ ಗಣಿಗಳಿಗೆ ಲೆಸೊಥೊ, ಮೊಜಾಂಬಿಕ್ ಮುಂತಾದ ಕಡೆಗಳಿಂದ ಗಂಡಸರನ್ನು ಕರೆತಂದು, ಹೆಂಡತಿ ಮಕ್ಕಳನ್ನು ಜೊತೆಗೆ ತರಲು ಬಿಡದೆ, ಗಂಡಸರಷ್ಟೇ ಇರುವ ಹಾಸ್ಟೆಲುಗಳಲ್ಲಿ ತುಂಬಿಡುವ ಪದ್ಧತಿ ಅಲ್ಲಿ ದಶಕಗಳ ಕಾಲ ನಡೆಯಿತು. ವರ್ಣಭೇದದ ಸರಕಾರಕ್ಕೆ ಅವರ ತೋಳು ಬೇಕಿತ್ತು, ಸಂಸಾರ ಬೇಕಿರಲಿಲ್ಲ. ಆ ವ್ಯವಸ್ಥೆಯೊಳಕ್ಕೆ ವೈರಸ್ಸು ಬಂದಿತು. 1990ರಲ್ಲಿ ದಕ್ಷಿಣ ಆಫ್ರಿಕಾದ ಗರ್ಭಿಣಿಯರಲ್ಲಿ ಸೋಂಕು ಶೇಕಡ 1ಕ್ಕಿಂತ ಕಡಿಮೆ ಇತ್ತು. 2000ದ ಹೊತ್ತಿಗೆ ಅದು ಶೇಕಡ 24ನ್ನು ದಾಟಿತ್ತು. ನಾನು ಹೋದಾಗ ನಮ್ಮ ಪ್ರಾಂತ್ಯದಲ್ಲಿ ಹತ್ತು ಗರ್ಭಿಣಿಯರಲ್ಲಿ ಸುಮಾರು ನಾಲ್ವರಿಗೆ ಸೋಂಕಿತ್ತು. ಶನಿವಾರ ಎಂದರೆ ಅಲ್ಲಿ ಮಣ್ಣಿಗೆ ಹೋಗುವ ದಿನ. ಒಂದೇ ದಿನ ಮೂರು ಮಣ್ಣಿಗೆ ಹೋಗಬೇಕಾದವರು ಯಾವುದನ್ನು ಬಿಡಲಿ ಎಂದು ಲೆಕ್ಕ ಹಾಕುವುದನ್ನು ಕೇಳಿದ್ದೇನೆ.

ಇದರ ಮೇಲೆ ಆಳುವವರ ತಪ್ಪೂ ಸೇರಿತು. ಅಧ್ಯಕ್ಷ ಥಾಬೊ ಎಂಬೆಕಿಯವರು ಏಡ್ಸ್‌ಗೆ ಎಚ್‌ಐವಿಯೇ ಕಾರಣವೆಂಬುದನ್ನು ಸಂಶಯಿಸುತ್ತ ಔಷಧ ವಿತರಣೆಯನ್ನು ತಡೆದರು. ತಾಯಿಯಿಂದ ಮಗುವಿಗೆ ಹರಡದಂತೆ ನೆವಿರಪಿನ್ ಎಂಬ ಔಷಧ ಕೊಡಬೇಕೆಂದು 2002ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೇ ಸರಕಾರಕ್ಕೆ ಆದೇಶಿಸಬೇಕಾಯಿತು. ಆ ವಿಳಂಬದಿಂದ 3.3 ಲಕ್ಷಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಆಮೇಲೆ ಲೆಕ್ಕ ಹಾಕಿದರು. ಪಕ್ಕದ ಬೋಟ್ಸ್ವಾನಾ ಸೋಂಕಿನಲ್ಲಿ ಇವರಿಗಿಂತ ಮುಂದಿತ್ತು, ಆದರೆ 2002ರಲ್ಲಿಯೇ ಸರಕಾರದಿಂದ ಉಚಿತ ಚಿಕಿತ್ಸೆ ಆರಂಭಿಸಿತು. ಎರಡೂ ಕಡೆ ವೈರಸ್ಸು ಒಂದೇ. ಅಂದ ಹಾಗೆ ಭಾರತದಲ್ಲಿ ಹೆಚ್ಚಾಗಿ ಇರುವುದೂ ಎಚ್‌ಐವಿಯ ಅದೇ ಬಗೆ, ಸಿ ಎಂಬ ಉಪಪ್ರಭೇದ.

ನಿಪ್ಪಾಣಿಯವರಿಗೆ ಒಂದು ಮಾತು. 2005ರ ಜನವರಿಯಲ್ಲಿ ನೆಲ್ಸನ್ ಮಂಡೇಲಾ ಪತ್ರಕರ್ತರನ್ನು ಕರೆದು, ತಮ್ಮ ಮಗ ಏಡ್ಸ್‌ನಿಂದ ತೀರಿಕೊಂಡನೆಂದು ತಾವಾಗಿ ಹೇಳಿದರು. ಆ ಮಾತು ನಮ್ಮ ಆಸ್ಪತ್ರೆಯ ಸಾಲಿನಲ್ಲಿ ಮಾಡಿದ ಕೆಲಸವನ್ನು ಯಾವ ನೀತಿಬೋಧೆಯೂ ಮಾಡಿರಲಿಲ್ಲ. ಆವರೆಗೆ ಟಿಬಿ, ನ್ಯುಮೋನಿಯಾ ಎಂದು ಬರೆಸುತ್ತಿದ್ದವರು ರೋಗದ ಹೆಸರನ್ನು ಬಾಯಿಬಿಟ್ಟು ಹೇಳತೊಡಗಿದರು.

ಹನ್ನೊಂದು ವರ್ಷ · 23 ನವೆಂಬರ್

ಇಲ್ಲಿ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ರಾಯಬಾಗ ತಾಲ್ಲೂಕಿನವನು, ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. 2014ರಿಂದ ಎಆರ್‌ಟಿ ಗುಳಿಗೆಯ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧದ ಮೇಲಿದ್ದೇನೆ.

2013ರ ಹಂಗಾಮಿನಲ್ಲಿ ಕೆಮ್ಮು ಹಿಡಿಯಿತು. ಸಂಜೆಯಾದರೆ ಮೈ ಬೆಚ್ಚಗಾಗುವುದು, ರಾತ್ರಿ ಅಂಗಿ ಹಿಂಡುವಷ್ಟು ಬೆವರು. ನಾಲಿಗೆಯ ಮೇಲೆ ಮೊಸರು ಬಳಿದಂತೆ ಬಿಳಿ ಪದರ ಕಟ್ಟಿ ರೊಟ್ಟಿ ನುಂಗಲಾಗುತ್ತಿರಲಿಲ್ಲ. ಊರಿನ ಡಾಕ್ಟರರು ಐದು ತಿಂಗಳು ಸೂಜಿ ಮಾಡಿದರು, ಟಾನಿಕ್ ಕೊಟ್ಟರು. 61 ಕಿಲೊ ಇದ್ದವನು 43ಕ್ಕೆ ಇಳಿದೆ. "ದೊಡ್ಡ ರೋಗ ಬಡದೈತಿ" ಎಂದು ಓಣಿಯವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಕೊನೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಟಿಬಿ ಎಂದರು, ಅದರ ಬೆನ್ನಿಗೇ ಎಚ್‌ಐವಿ ಪರೀಕ್ಷೆ ಮಾಡಿದರು. ರೋಗ ತಡೆಯುವ ಸಿಡಿ4 ಎಂಬ ರಕ್ತಕಣಗಳ ಎಣಿಕೆ 86ಕ್ಕೆ ಇಳಿದಿತ್ತು. ವಾರ್ಡಿನಲ್ಲಿ ಇಪ್ಪತ್ತು ಜನರ ಎದುರು ನನ್ನ ಕಾಯಿಲೆಯ ಹೆಸರನ್ನು ಕೂಗಿ ಹೇಳಿ ಹಾಸಿಗೆಯನ್ನು ಮೂಲೆಗೆ ಸರಿಸಿದವರ ಬಗ್ಗೆಯೂ, ಆ ಆಸ್ಪತ್ರೆಯ ಬಗ್ಗೆಯೂ ಇಲ್ಲಿ ಬರೆಯುವುದಿಲ್ಲ. ಅದೇ ವಾರ್ಡಿನಲ್ಲಿ ದಿನಾಲು ಬಂದು ಭುಜ ತಟ್ಟಿ ಮಾತನಾಡಿಸಿದ ಸಿಸ್ಟರ್ ಒಬ್ಬರೂ ಇದ್ದರು.

ಮೊದಲು ಟಿಬಿ ಮಾತ್ರೆ, ಕೆಲವು ವಾರಗಳ ಮೇಲೆ ಎಆರ್‌ಟಿ. ಆಗಿನ ಗುಳಿಗೆಯನ್ನು ರಾತ್ರಿ ನುಂಗಿದರೆ ತಲೆ ತಿರುಗಿ ವಿಚಿತ್ರ ಕನಸುಗಳು ಬೀಳುತ್ತಿದ್ದವು. 2021ರಲ್ಲಿ ಬದಲಾದ ಗುಳಿಗೆಯಿಂದ ಆ ತೊಂದರೆ ಇಲ್ಲ. ಈಗ ನನ್ನ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ಸು ಕಾಣುವುದೇ ಇಲ್ಲ. ತೂಕ 66. ಹೆಂಡತಿಗೆ ಅಂದೂ ಸೋಂಕಿರಲಿಲ್ಲ, ಇಂದೂ ಇಲ್ಲ. ವೈದ್ಯರ ಸಲಹೆ ಪಡೆದೇ ಮಗಳು ಹುಟ್ಟಿದಳು, ಈಗ ಎರಡನೆಯ ತರಗತಿ.

ಆದರೂ ಹೇಳುತ್ತೇನೆ. ಮೂವತ್ತು ಗುಳಿಗೆಯ ಪ್ಲಾಸ್ಟಿಕ್ ಡಬ್ಬಿ ಬಸ್ಸಿನಲ್ಲಿ ಚೀಲದೊಳಗೆ ಖಡಖಡ ಎನ್ನುತ್ತದೆ. ಪಕ್ಕದವರು ನೋಡುತ್ತಾರೆಂದು ಅದರೊಳಗೆ ಹತ್ತಿ ತುರುಕುತ್ತೇನೆ. ಮನೆಗೆ ಬಂದು ಲೇಬಲ್ಲನ್ನು ನೀರಿನಲ್ಲಿ ನೆನೆಸಿ, ಉಗುರಿನಿಂದ ಕಿತ್ತು ಒಲೆಗೆ ಹಾಕುತ್ತೇನೆ. ಹನ್ನೊಂದು ವರ್ಷವಾದರೂ ಈ ಅಭ್ಯಾಸ ಹೋಗಿಲ್ಲ.

ಘಟಪ್ರಭೆಯ ದಂಡೆ · 23 ನವೆಂಬರ್

ಅಣ್ಣಾವರೇ, ಬರೆದದ್ದು ಬಹಳ ಒಳ್ಳೆಯದಾಯಿತು. ಮಾಸ್ತರರಿಗಾಗಿ ನಿಮ್ಮ ಮಾತಿನ ಬೆನ್ನು ಹಿಡಿದು ಕೆಲವು ಸಂಗತಿಗಳನ್ನು ಬಿಡಿಸಿ ಹೇಳುತ್ತೇನೆ.

ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ನೆಗಡಿ-ಜ್ವರದಂಥದ್ದು ಬಂದು ಹೋಗುತ್ತದೆ, ಆಮೇಲೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಏಡ್ಸ್ ಹಂತಕ್ಕೆ ಬರಲು ಸರಾಸರಿ ಹತ್ತು ವರ್ಷ ಬೇಕು. ಅಷ್ಟು ದಿನ ವೈರಸ್ಸು ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಒಳಗಿಂದೊಳಗೇ ತಿನ್ನುತ್ತಿರುತ್ತದೆ. ಆರೋಗ್ಯವಂತರಲ್ಲಿ ಅವು 500ಕ್ಕಿಂತ ಮೇಲಿರುತ್ತವೆ. 200ಕ್ಕಿಂತ ಕೆಳಗಿಳಿದರೆ ಮೈ ಕಾವಲಿಲ್ಲದ ಹೊಲದಂತಾಗುತ್ತದೆ, ಯಾವ ದನ ಬೇಕಾದರೂ ಹೊಕ್ಕೀತು. ನಮ್ಮಲ್ಲಿಯೂ ಆಫ್ರಿಕಾದಲ್ಲಿಯೂ ಮೊದಲು ಹೊಗುವುದು ಟಿಬಿ. ಎಚ್‌ಐವಿ ಇರುವವರ ಸಾವಿಗೆ ಜಗತ್ತಿನಲ್ಲಿ ಇಂದಿಗೂ ಅತಿ ದೊಡ್ಡ ಕಾರಣ ಅದೇ. ಟಿಬಿ ರೋಗಿಗಳೆಲ್ಲರಿಗೂ ಎಚ್‌ಐವಿ ಪರೀಕ್ಷೆ, ಎಚ್‌ಐವಿ ಇರುವವರೆಲ್ಲರಿಗೂ ಟಿಬಿ ತಪಾಸಣೆ ಮಾಡುವುದು ಈ ಕಾರಣಕ್ಕೆ.

2014ರಲ್ಲಿ ಸಿಡಿ4 ಎಣಿಕೆ 350ಕ್ಕೆ ಇಳಿಯುವವರೆಗೆ ಸಾಮಾನ್ಯವಾಗಿ ಗುಳಿಗೆ ಕೊಡುತ್ತಿರಲಿಲ್ಲ. ಪತ್ತೆಯಾದವರನ್ನು "ಇನ್ನೂ ಟೈಮ್ ಐತಿ, ಆರು ತಿಂಗಳು ಬಿಟ್ಟು ಬರ್ರಿ" ಎಂದು ನಾನೇ ಕಳಿಸಿದ್ದೇನೆ, ಅವರಲ್ಲಿ ಎಷ್ಟೋ ಮಂದಿ ಮತ್ತೆ ಬಂದದ್ದು ಕೊನೆಯ ಹಂತದಲ್ಲಿ. 2017ರಿಂದ ಎಣಿಕೆ ಎಷ್ಟೇ ಇರಲಿ, ಪತ್ತೆಯಾದ ಕೂಡಲೇ ಚಿಕಿತ್ಸೆ. ಇದರಿಂದ ರೋಗಿ ಉಳಿಯುವುದಷ್ಟೇ ಅಲ್ಲ, ಹರಡುವುದೂ ನಿಲ್ಲುತ್ತದೆ. ಗುಳಿಗೆ ತಪ್ಪಿಸದೆ, ರಕ್ತದಲ್ಲಿ ವೈರಸ್ಸು ಕಾಣದ ಮಟ್ಟದಲ್ಲಿ ಇರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ತಾಯಿಯಿಂದ ಮಗುವಿಗೆ ಬರುವ ಸಂಭವ ಚಿಕಿತ್ಸೆ ಇಲ್ಲದಿದ್ದರೆ ಶೇಕಡ 15ರಿಂದ 45. ಚಿಕಿತ್ಸೆ ಇದ್ದರೆ 5ಕ್ಕಿಂತ ಕಡಿಮೆ. ಆರು ವಾರದ ಕೂಸಿನ ಹಿಮ್ಮಡಿಯಿಂದ ನಾಲ್ಕೈದು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷೆಗೆ ಕಳಿಸುತ್ತೇವೆ, ಹದಿನೆಂಟನೆಯ ತಿಂಗಳಲ್ಲಿ ಕೊನೆಯ ಪರೀಕ್ಷೆ. ಆ ಒಂದೂವರೆ ವರ್ಷ ತಾಯಂದಿರು ಕೂಸಿನ ಪ್ರತಿ ಜ್ವರಕ್ಕೂ ಹೇಗೆ ಬೆಚ್ಚಿ ಬೀಳುತ್ತಾರೆಂಬುದನ್ನು ಬರೆಯಲು ನನಗೆ ಬಾರದು.

ನಿಪ್ಪಾಣಿಯವ · 23 ನವೆಂಬರ್

ರಾಯಬಾಗದ ಅಣ್ಣನವರ ಬರಹ ಓದಿದ ಮೇಲೆ ಮೊದಲಿನ ಹಾಗೆ ಮಾತನಾಡಲು ಬಾಯಿ ಬರುತ್ತಿಲ್ಲ. ನಡತೆಯ ಮಾತನ್ನು ಪೂರ್ತಿ ಬಿಟ್ಟಿಲ್ಲ, ಆದರೆ ಅದನ್ನು ಎಲ್ಲಿ ಹೇಳಬೇಕು ಎಂಬುದನ್ನು ಯೋಚಿಸಬೇಕಾಗಿದೆ. ಎರಡು ಪ್ರಶ್ನೆಗಳಿವೆ. ಮದುವೆಗೆ ಮುಂಚೆ ಪರೀಕ್ಷೆ ಕಡ್ಡಾಯ ಮಾಡಿದರೆ ಎಷ್ಟೋ ಹೆಣ್ಣುಮಕ್ಕಳು ಉಳಿಯುವುದಿಲ್ಲವೇ? ಎರಡನೆಯದು, ಈ ಗುಳಿಗೆ ಬದುಕಿರುವವರೆಗೂ ಬೇಕು ಎಂದಾದರೆ ಬಡ ದೇಶಗಳು ಅದನ್ನು ಎಷ್ಟು ದಿನ ಪುಕ್ಕಟೆಯಾಗಿ ಕೊಟ್ಟಾವು?

ಘಟಪ್ರಭೆಯ ದಂಡೆ · 24 ನವೆಂಬರ್

ಮೊದಲನೆಯದಕ್ಕೆ ಮಾತ್ರ ಹೇಳುತ್ತೇನೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಇಬ್ಬರೂ ತಾವಾಗಿ ಬಂದು ಪರೀಕ್ಷಿಸಿಕೊಂಡರೆ ಬಹಳ ಸಂತೋಷ, ಹಾಗೆ ಬರುವ ಜೋಡಿಗಳೂ ಇದ್ದಾರೆ. ಆದರೆ ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಪರೀಕ್ಷೆಗೆ ಅದು ಸಿಗದೇ ಹೋಗಬಹುದು, ಮದುವೆಯಾಗಿ ಆರು ತಿಂಗಳಿಗೆ ಕಟಾವಿಗೆ ಹೋದವನಿಗೆ ಆ ಚೀಟಿ ಕಾವಲೂ ಅಲ್ಲ. ಕಡ್ಡಾಯ ಮಾಡಿದ ದಿನವೇ ಸುಳ್ಳು ಚೀಟಿ ಬರೆದುಕೊಡುವ ಅಂಗಡಿಗಳು ಹುಟ್ಟುತ್ತವೆ ಎಂಬುದು ನನ್ನ ಅನುಮಾನ. ಮಾಸ್ತರರಿಗೂ ಒಂದು ಸೂಚನೆ: ಇದೇ ಕಾಯ್ದೆಯಂತೆ ಸೋಂಕಿರುವ ಮಗುವನ್ನು ಶಾಲೆಯಿಂದ ಹೊರಗಿಡುವಂತಿಲ್ಲ, ಅದರ ಸ್ಥಿತಿಯನ್ನು ಬಹಿರಂಗಪಡಿಸುವಂತೆಯೂ ಇಲ್ಲ.

ಗೋಳಗುಮ್ಮಟದ ನೆರಳು · 24 ನವೆಂಬರ್

ಎರಡನೆಯ ಪ್ರಶ್ನೆ ನನ್ನ ಕಸುಬಿನದು. 1996ರ ಹೊತ್ತಿಗೆ ಮೂರು ಔಷಧಗಳ ಮಿಶ್ರಣ ಶ್ರೀಮಂತ ದೇಶಗಳಲ್ಲಿ ಸಾವನ್ನು ತಡೆಯತೊಡಗಿತ್ತು, ಆದರೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೀಳುತ್ತಿತ್ತು. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನೇ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುವುದಾಗಿ ಸಾರಿದರು. ಭಾರತದ ಅಂದಿನ ಪೇಟೆಂಟ್ ಕಾನೂನು ಔಷಧ ವಸ್ತುವಿಗೆ ಏಕಸ್ವಾಮ್ಯ ಕೊಡುತ್ತಿರಲಿಲ್ಲವಾದ್ದರಿಂದ ಅದು ಸಾಧ್ಯವಾಯಿತು. ಕ್ವಾಜುಲು-ನಟಾಲಿನ ನನ್ನ ಕಪಾಟಿನಲ್ಲಿ ಭಾರತದಲ್ಲಿ ತಯಾರಾದ ಡಬ್ಬಿಗಳನ್ನು ಜೋಡಿಸುವಾಗ ನನಗೆ ಆಗುತ್ತಿದ್ದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಬೆಲೆ ಮುಂದೆ ಇನ್ನೂ ಇಳಿಯಿತು. ನಮ್ಮ ಸರಕಾರ ಉಚಿತ ಎಆರ್‌ಟಿಯನ್ನು ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಜಗತ್ತಿನಲ್ಲಿ ಏಡ್ಸ್ ಸಂಬಂಧಿ ಸಾವುಗಳು ಶಿಖರ ಮುಟ್ಟಿದ್ದೂ ಅದೇ ವರ್ಷ, ಸುಮಾರು 21 ಲಕ್ಷ. 2024ರಲ್ಲಿ ಅದು 6.3 ಲಕ್ಷದ ಸುಮಾರಿಗೆ ಇಳಿದಿದೆ.

ಕಳವಳ ಇರುವುದು ಮುಂದಿನ ದಾರಿಯ ಬಗ್ಗೆ. ಆಫ್ರಿಕಾದ ಬಹಳಷ್ಟು ದೇಶಗಳ ಗುಳಿಗೆ, ಸಿಬ್ಬಂದಿ, ಪ್ರಯೋಗಾಲಯ ಎಲ್ಲವೂ ಅಮೆರಿಕ 2003ರಲ್ಲಿ ಆರಂಭಿಸಿದ ಪೆಪ್ಫಾರ್ ನೆರವಿನ ಮೇಲೆ ನಿಂತಿದ್ದವು. 2025ರ ಜನವರಿಯಲ್ಲಿ ಅಲ್ಲಿನ ಹೊಸ ಆಡಳಿತ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಕೆಲವು ಕಡೆ ಚಿಕಿತ್ಸಾಲಯಗಳ ಬಾಗಿಲೇ ಮುಚ್ಚಿದವು. ಗುಳಿಗೆ ನಿಂತರೆ ಕೆಲವೇ ವಾರಗಳಲ್ಲಿ ವೈರಸ್ಸು ಮತ್ತೆ ಏಳುತ್ತದೆ. ಬಜೆಟ್ಟಿನ ಚರ್ಚೆ ಮುಗಿಯಲಿ ಎಂದು ಅದು ಕಾಯುವುದಿಲ್ಲ. ನಮ್ಮ ಸ್ಥಿತಿ ಬೇರೆ. 2021ರಿಂದ 2026ರವರೆಗಿನ ರಾಷ್ಟ್ರೀಯ ಕಾರ್ಯಕ್ರಮದ ₹15,471 ಕೋಟಿಯನ್ನು ಕೇಂದ್ರ ಸರಕಾರವೇ ಭರಿಸುತ್ತಿದೆ, ಆದ್ದರಿಂದ ರಾಯಬಾಗದ ಅಣ್ಣನವರ ಗುಳಿಗೆ ವಾಷಿಂಗ್ಟನ್ನಿನ ಮರ್ಜಿಯ ಮೇಲೆ ನಿಂತಿಲ್ಲ.

ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಎಂಬ ತಡೆಗಟ್ಟುವ ಚುಚ್ಚುಮದ್ದು ಬಂದಿದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ ಯುವತಿಯರ ಮೇಲೆ ನಡೆದ ಪ್ರಯೋಗದಲ್ಲಿ ಅದನ್ನು ಪಡೆದ ಎರಡು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ಗಂಡನಿಗೆ ಕಾಂಡೋಮ್ ಬಳಸು ಎಂದು ಹೇಳಲಾಗದ ಹೆಣ್ಣುಮಗಳಿಗೆ ಅದು ಏನೆಂಬುದನ್ನು ಅಕ್ಕಾವರು ನನಗಿಂತ ಚೆನ್ನಾಗಿ ಬಲ್ಲರು. ಅದು ಅವಳ ಕೈಗೆಟಕುವ ಬೆಲೆಗೆ ಯಾವಾಗ ಬರುತ್ತದೆ ಎಂಬುದೇ ಮತ್ತೆ ಹಳೆಯ ಪ್ರಶ್ನೆ.

ಜಮಖಂಡಿ ಮಾಸ್ತರ · 25 ನವೆಂಬರ್

ಎಲ್ಲರಿಗೂ ಶರಣು. ಹುಡುಗಿಗೆ ಅರ್ಧ ಉತ್ತರವನ್ನು ನಿನ್ನೆಯೇ ಕೊಟ್ಟೆ. ಗಣಿಯ ಹಾಸ್ಟೆಲಿನ ಕಥೆ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ನಮ್ಮ ಅಪ್ಪನೂ ಹಂಗ ಇರ್ತಾನ್ರಿ, ರತ್ನಾಗಿರ್ಯಾಗ, ಒಂದ ಖೋಲ್ಯಾಗ ಹದಿನೆಂಟ ಮಂದಿ" ಎಂದ. ನಾನು ಪಾಠ ಅಲ್ಲಿಗೇ ನಿಲ್ಲಿಸಿದೆ. ಈ ವರ್ಷ ಜಾಥಾದ ಬದಲು ಶನಿವಾರ ಬೆಳಗಿನ ಶಾಲೆಯಲ್ಲಿ ಎರಡು ಅವಧಿ ಬಿಟ್ಟುಕೊಡುತ್ತೇನೆ, ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಅಕ್ಕಾವರು ಬಂದು ಮಾತನಾಡಬಹುದೇ?

ಘಟಪ್ರಭೆಯ ದಂಡೆ · 25 ನವೆಂಬರ್

ಖಂಡಿತ ಬರುತ್ತೇನೆ, ಮೇಲಧಿಕಾರಿಗಳ ಅನುಮತಿಗೆ ಶಾಲೆಯಿಂದ ಒಂದು ಪತ್ರ ಬೇಕು. ಪರೀಕ್ಷೆಯ ಕಿಟ್ ತಂದು ತೋರಿಸುತ್ತೇನೆ. ಹಿಂದಿನ ಬೆಂಚಿನ ಆ ಹುಡುಗನನ್ನು ಆ ದಿನ ಎಲ್ಲರೆದುರು ಏನೂ ಕೇಳಬೇಡಿ. ಮಕ್ಕಳಿಗೆ ತೋರಿಸಲು ಗುಳಿಗೆಯ ಒಂದು ಖಾಲಿ ಡಬ್ಬಿ ಇದ್ದರೆ ಒಳ್ಳೆಯದಿತ್ತು, ನಮ್ಮಲ್ಲಿ ಸದ್ಯಕ್ಕೆ ಇಲ್ಲ.

ಹನ್ನೊಂದು ವರ್ಷ · 25 ನವೆಂಬರ್

ಈ ತಿಂಗಳ ಡಬ್ಬಿ ಗುರುವಾರಕ್ಕೆ ಖಾಲಿಯಾಗುತ್ತದೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಲು ಆಗುವುದಿಲ್ಲ, ನಾನೇ ಮುಧೋಳಕ್ಕೆ ಬಂದು ಕೊಡುತ್ತೇನೆ. ಲೇಬಲ್ ಕೀಳುವುದಿಲ್ಲ, ನನ್ನ ನಂಬರ್ ಬರೆದ ತುದಿಯೊಂದನ್ನು ಮಾತ್ರ ಕತ್ತರಿಸಿರುತ್ತೇನೆ.